ಎಡಗೈ ತೋಳುಗಳು

ಬಲಗೈ ಮುರಿದುಕೊಂಡ ದರ್ಜಿಗಿಂತ ಸಿಡುಕಿನ ಪ್ರಾಣಿ ಲೋಕದಲ್ಲಿ ಇನ್ನೊಂದಿಲ್ಲ. ಅದರಲ್ಲೂ ಆ ದರ್ಜಿ ದೊಡ್ಡಮ್ಮನಾಗಿದ್ದರೆ ಮುಗಿದೇ ಹೋಯಿತು, ಆ ಮನೆಯ ದಿಕ್ಕಿಗೆ ಬೆಕ್ಕೂ ಸುಳಿಯಬಾರದು. ಬೀದಿಗೆ ಬೀದಿಯೇ ಅವಳನ್ನು ದೊಡ್ಡಮ್ಮ ಎನ್ನುತ್ತಿತ್ತು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಅದರ ಮುಂದೆ ಕೂರಲೊಂದು ತಗಡಿನ ಟ್ರಂಕು, ಗೋಡೆಯ ಮೊಳೆಗೆ ಅಳತೆ ಟೇಪು. ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡಂದಿನಿಂದ ಯಂತ್ರದ ಮೇಲೆ ಹೊದಿಕೆ ಬಿದ್ದಿತ್ತು. ದೊಡ್ಡಮ್ಮನ ಬಾಯಿಗೆ ಹೊದಿಕೆ ಹಾಕುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ.

ಕೈನೋವು ಹಾಳಾಗಿ ಹೋಗಲಿ, ಅವಳ ಪ್ರಾಣ ತಿಂದದ್ದು ಡಬ್ಬಿಗಳು. ಚರ್ಚಿನ ಸಭೆಯ ಹೆಂಗಸರು ಸರದಿ ಹಾಕಿಕೊಂಡು ಊಟ ತರತೊಡಗಿದ್ದರು. ದೊಡ್ಡಮ್ಮನ ಜನ್ಮದಲ್ಲಿ ಯಾರ ಪಾತ್ರೆಯೂ ಅವಳ ಮನೆಯಿಂದ ಖಾಲಿಯಾಗಿ ಹಿಂದಿರುಗಿದ್ದಿಲ್ಲ. ಯಾರಾದರೂ ಒಂದು ಹಿಡಿ ಸೊಪ್ಪು ಕೊಟ್ಟರೂ ಆ ಪಾತ್ರೆಯಲ್ಲಿ ಅಂಚು ಹೊಲಿದ ಕರವಸ್ತ್ರವಾದರೂ ವಾಪಸು ಹೋಗಲೇಬೇಕು. ಈಗ ನೋಡಿದರೆ ಅಡುಗೆಮನೆಯ ಕಟ್ಟೆಯ ತುಂಬ ತೊಳೆದಿಟ್ಟ ಖಾಲಿ ಡಬ್ಬಿಗಳು ಅವಳನ್ನೇ ಅಣಕಿಸುತ್ತ ಕೂತಿದ್ದವು.

"ವಾಪಸು ಕೊಟ್ಟು ಬರ್ತೀನಮ್ಮ, ಜಾಗ ಇಲ್ಲ," ಎಂದಳು ಮಗಳು.

"ಖಾಲಿ ಕೊಡ್ತೀಯಾ? ನನ್ನ ಮಾನ ಹರಾಜಿಗಿಡ್ತೀಯಾ? ಯಾರ ಹಂಗೂ ಬೇಡ ನನಗೆ."

"ನಿನ್ನ ಕಥೆ ಗೊತ್ತಿಲ್ವಾ? ದೇವರು ಮಳೆ ಕೊಟ್ರೂ ನೀನು ಮೇಲಕ್ಕೆ ಎರಡು ಬಕೆಟ್ ನೀರು ಎಸೆದು ಬರೋಳು."

ಮಗಳ ಮಾತು ಸುಳ್ಳೇನಲ್ಲ. ತಿಂಗಳಿಗೊಮ್ಮೆ ದೇವಾಲಯದಲ್ಲಿ ಸಾಕ್ಷಿ ಭಾನುವಾರ. ದೇವರು ತನಗೆ ಏನು ಮಾಡಿದನೆಂದು ಯಾರು ಬೇಕಾದರೂ ಎದ್ದು ಹೇಳಬಹುದು. ದೊಡ್ಡಮ್ಮ ಎದ್ದರೆ ದೇವರು ಮಾಡಿದ್ದು ಕಡಿಮೆ, ದೊಡ್ಡಮ್ಮ ಮಾಡಿದ್ದೇ ಹೆಚ್ಚು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡದ್ದು, ಸೂಜಿ ಹಿಡಿದು ಮಗಳನ್ನು ಸಾಕಿದ್ದು, ಗಾನವೃಂದಕ್ಕೆ ಬಿಳಿ ನಿಲುವಂಗಿ ಹೊಲಿಯುವಾಗ ಬಟ್ಟೆ ಸಾಲದೆ ಹೋದಾಗ ತನ್ನ ಕೈಯಿಂದಲೇ ದುಡ್ಡು ಹಾಕಿ ಬಟ್ಟೆ ತಂದು ಹೊಲಿದುಕೊಟ್ಟದ್ದು. ಎಲ್ಲ ಹೇಳಿ, ಅಂಗಿಗೆ ಕೊನೆಯ ಗುಂಡಿ ಹಚ್ಚಿದ ಹಾಗೆ "ಎಲ್ಲಾ ಮಹಿಮೆ ದೇವರಿಗೆ" ಎಂದು ಕೂರುತ್ತಿದ್ದಳು. ಹೊರಗೆ ಬಂದವರು ದೊಡ್ಡಮ್ಮನನ್ನು ಹೊಗಳುತ್ತ ಮನೆಗೆ ಹೋಗುತ್ತಿದ್ದರು.

ಆ ನಿಲುವಂಗಿಯ ಕಥೆಯಲ್ಲಿ ಅವಳು ಬಿಟ್ಟು ಹೇಳುತ್ತಿದ್ದ ಒಂದು ತುಂಡಿತ್ತು. ಆ ಬಟ್ಟೆ ಒಂದೇ ಮುಖಕ್ಕೆ ಹೊಳಪಿದ್ದದ್ದು. ಅಂಥ ಬಟ್ಟೆಯಲ್ಲಿ ಎಡತೋಳು ಕತ್ತರಿಸಿದ ಮೇಲೆ ಬಲತೋಳಿಗೆ ನಮೂನೆ ಕಾಗದವನ್ನು ಮಗುಚಿ ಹಾಕಬೇಕು. ಹೊಲಿಗೆ ಕಲಿಯಲು ಬಂದ ಹುಡುಗಿಯರಿಗೆ ಅವಳೇ ಮೊದಲು ಹೇಳಿಕೊಡುವ ಪಾಠ ಅದು. ಅವತ್ತು ಅವಸರದಲ್ಲಿ ಅವಳೇ ಮರೆತಳು. ಕತ್ತರಿ ಕೆಳಗಿಟ್ಟು ನೋಡಿದರೆ ಅಷ್ಟೂ ಎಡಗೈ ತೋಳುಗಳು, ಬಲಗೈಗೆ ಒಂದೂ ಇಲ್ಲ! ಮತ್ತೆ ಕತ್ತರಿಸಲು ಬಟ್ಟೆ ಸಾಲಲಿಲ್ಲ. ಯಾಕೆ ಸಾಲಲಿಲ್ಲವೆಂದು ಹೆಂಗಸರ ಕೂಟದಲ್ಲಿ ಕೇಳಿದಾಗ, ತಪ್ಪಾಯಿತೆನ್ನುವ ಬದಲು ಅವಳ ನಾಲಿಗೆ ಬೇರೆಯೇ ಹೇಳಿತು. "ನನ್ನನ್ನೇನು ಕೇಳ್ತೀರಿ? ಬಟ್ಟೆ ಹಿಂದಿನ ರಾತ್ರಿ ಎಲ್ಲಿತ್ತೋ ಅಲ್ಲಿ ಕೇಳಿ."

ಬಟ್ಟೆ ಹಿಂದಿನ ರಾತ್ರಿ ಇದ್ದದ್ದು ಅವಳ ಓರಗಿತ್ತಿಯ ಮನೆಯಲ್ಲಿ, ಗಂಡನ ತಮ್ಮನ ಹೆಂಡತಿಯ ಹತ್ತಿರ. ಕದ್ದವಳು ಇವಳೇ ಎಂಬಂತೆ ಕೂಟದ ಕಣ್ಣೆಲ್ಲ ಓರಗಿತ್ತಿಯ ಕಡೆ ತಿರುಗಿತು. ಗಾನವೃಂದದಲ್ಲಿ ಅವಳದೇ ಕಂಠ. ಮುಂದಿನ ವಾರದಿಂದ ಅವಳು ಹಾಡುವುದು ಬಿಟ್ಟು ಕೊನೆಯ ಬೆಂಚಿಗೆ ಹೋಗಿ ಕೂತಳು. ಕೆಟ್ಟ ತೋಳುಗಳು ತಗಡಿನ ಟ್ರಂಕಿನ ತಳ ಸೇರಿದವು. ಸುಡಲೂ ಆಗದೆ ಎಸೆಯಲೂ ಆಗದೆ ದೊಡ್ಡಮ್ಮ ವರ್ಷಗಟ್ಟಲೆ ಅವುಗಳ ಮೇಲೆ ಕೂತು ಯಂತ್ರ ತುಳಿದಳು. ಓರಗಿತ್ತಿಯ ಮಕ್ಕಳಿಗೆ ಫ್ರಾಕು, ಕಿಟಕಿಗೆ ಪರದೆ, ದಿಂಬಿಗೆ ಗವಸು, ಏನೆಲ್ಲ ಹೊಲಿದು ಕಳಿಸಿದಳು. ಒಂದು ಮಾತು ಮಾತ್ರ ಕಳಿಸಲಿಲ್ಲ.

ಈಗ ಆ ಓರಗಿತ್ತಿಯೇ ಆಸ್ಪತ್ರೆಯ ಅಡುಗೆಮನೆಯ ಕೆಲಸ ಮುಗಿಸಿಕೊಂಡು ದಿನಾ ಮಧ್ಯಾಹ್ನ ಬಿಸಿ ಸೂಪು ತರುತ್ತಿದ್ದಳು. ತಲೆ ಬಾಚುತ್ತಿದ್ದಳು. ಬಾಯಿಗೆ ಚಮಚ ಹಿಡಿಯುತ್ತಿದ್ದಳು. ಸರದಿಯಲ್ಲಿ ಅವಳ ಹೆಸರೇ ಇರಲಿಲ್ಲ ಎಂದು ತಿಳಿದಾಗ ದೊಡ್ಡಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

"ಬಾಯಿ ತೆಗಿ ಅಕ್ಕ."

"ನನಗೆ ಎಡಗೈ ಇದೆ."

"ನೋಡಿದ್ನಲ್ಲ ನಿನ್ನೆ. ಅರ್ಧ ಬಾಯಿಗೆ, ಅರ್ಧ ಮಡಿಲಿಗೆ."

"ಈ ಡಬ್ಬಿಗೆ ಏನು ಹಾಕಿ ಕೊಡ್ಲಿ ನಾನು?"

"ಏನೂ ಬೇಡ."

"ಏನೂ ಬೇಡ ಅಂದ್ರೆ ಹೇಗೆ? ಫ್ರಾಕು ಕೊಟ್ಟೆ, ಪರದೆ ಕೊಟ್ಟೆ. ಇನ್ನೂ ಏನು ಕೊಟ್ರೆ ಸರಿಹೋಗುತ್ತೆ ಹೇಳೇ ಮಾರಾಯ್ತಿ!"

"ಯಾವುದು ಸರಿಹೋಗ್ಬೇಕು ಅಕ್ಕ?"

ದೊಡ್ಡಮ್ಮ ಎಡಗೈಯಿಂದ ಚಮಚವನ್ನು ಪಕ್ಕಕ್ಕೆ ತಳ್ಳಿದಳು. ಗಲ್ಲದಿಂದ ಟ್ರಂಕಿನ ಕಡೆ ತೋರಿಸಿದಳು. "ಅದನ್ನು ತೆಗಿ. ಅದರ ತಳದಲ್ಲಿ..."

"ತೋಳುಗಳಿವೆ. ಗೊತ್ತು," ಎಂದಳು ಓರಗಿತ್ತಿ, ಸೂಪು ಆರಿಸುತ್ತ. "ಹಿಂದೆ ನಿನಗೆ ಜ್ವರ ಬಂದಿತ್ತಲ್ಲ, ಹೊದಿಕೆ ಹುಡುಕೋಕೆ ತೆಗೆದಿದ್ದೆ. ನೋಡಿದ ಕೂಡ್ಲೇ ಅರ್ಥ ಆಯ್ತು."

ಅಯ್ಯೋ ದೇವರೇ! ದೊಡ್ಡಮ್ಮನಿಗೆ ನಾಚಿಕೆಗಿಂತ ಮೊದಲು ಸಿಟ್ಟೇ ಬಂತು. "ಗೊತ್ತಿದ್ದೂ ನನ್ನ ಬಾಯಿಗೆ ಊಟ ಇಡ್ತಿದ್ದೀಯಾ? ಬೀದಿಯಲ್ಲಿ ನಿಲ್ಲಿಸಿ ಉಗಿಯೋಕೆ ಏನಾಗಿತ್ತು ನಿನಗೆ?"

"ಉಗಿಯೋಣ ಅಂತಾನೇ ಹೊರಟಿದ್ದೆ. ಒಂದು ತೋಳು ಚೀಲಕ್ಕೆ ಹಾಕ್ಕೊಂಡು ಭಾನುವಾರ ದೇವಾಲಯಕ್ಕೆ ಬಂದೆ. ಅವತ್ತು ಪ್ರಭುವಿನ ಭೋಜನ ಇತ್ತು. ಯೇಸುಸ್ವಾಮಿಯ ದೇಹ ಅಂತ ಕೊಡೋ ರೊಟ್ಟಿಗೆ ಎರಡೂ ಕೈ ಚಾಚಬೇಕಲ್ಲ? ಚೀಲ ಕೆಳಗಿಟ್ಟೆ. ನಾನೇನು ಕೊಟ್ಟಿದ್ದೀನಿ ಅಂತ ನನಗೆ ಇದನ್ನ ಕೊಡ್ತಿದ್ದಾನೆ ಯೇಸುಸ್ವಾಮಿ ಅನ್ನಿಸ್ತು. ವಾಪಸು ತಂದು ಟ್ರಂಕಿಗೇ ಹಾಕ್ದೆ." ಚಮಚವನ್ನು ಮತ್ತೆ ಎತ್ತಿದಳು. "ಸಿಟ್ಟು ಅವತ್ತೇ ಹೋಯ್ತು ಅಂದ್ಕೋಬೇಡ. ಪಾತ್ರೆ ಕುಕ್ಕಿ ಕುಕ್ಕಿ ದೇವರ ಹತ್ರ ಜಗಳ ಆಡಿದ್ದೀನಿ."

"ಮತ್ತೆ ಹಾಡೋದು ಯಾಕೆ ಬಿಟ್ಟೇ ಬಿಟ್ಟೆ?"

ಓರಗಿತ್ತಿ ಚಮಚವನ್ನು ಡಬ್ಬಿಗೇ ಇಳಿಸಿದಳು. "ಬಾಯಿ ತೆಗೆದ್ರೆ, ಕಳ್ಳಿ ಹಾಡ್ತಿದ್ದಾಳೆ ಅಂತ ಜನ ನೋಡ್ತಾರೆ ಅನ್ನಿಸುತ್ತೆ ಅಕ್ಕ. ಕ್ಷಮಿಸೋದಷ್ಟೇ ನನ್ನ ಕೈಲಿತ್ತು. ಆ ಹೆಸರು ತೆಗೆಯೋದು ನನ್ನ ಕೈಲಿಲ್ಲ."

ಅವಳು ಹೋದ ಮೇಲೆ ದೊಡ್ಡಮ್ಮ ಅತ್ತಳು, ಬೈದಳು, ಮತ್ತೆ ಅತ್ತಳು. ಜಗಳವಾಡಿದ್ದರೆ ಎಷ್ಟು ಸಲೀಸಿತ್ತು! ನಾಲ್ಕು ಮಾತು ಅಂದು, ನಾಲ್ಕು ಅನ್ನಿಸಿಕೊಂಡು ಚುಕ್ತಾ ಮಾಡಬಹುದಿತ್ತು. ಇದಕ್ಕೆ ಏನು ತಿರುಗಿಸಿ ಕೊಡುವುದು? ಕೊಡಲು ಉಳಿದದ್ದು ತನ್ನ ಒಳ್ಳೆಯ ಹೆಸರೊಂದೇ. ಅದೂ ನ್ಯಾಯವಾಗಿ ತನ್ನದಲ್ಲ.

ಸಾಕ್ಷಿ ಭಾನುವಾರ ದೊಡ್ಡಮ್ಮ ಎಡಗೈಯಲ್ಲಿ ಚೀಲ ಹಿಡಿದು ಎದ್ದು ನಿಂತಳು. ಸಭಾಪಾಲಕರ ಮುಖ ಅರಳಿತು. "ನೋಡಿ, ಕೈ ಮುರಿದ್ರೂ ನಮ್ಮ ದೊಡ್ಡಮ್ಮ ಬಂದಿದ್ದಾರೆ. ಸ್ತೋತ್ರ!"

"ಸ್ತೋತ್ರ ಆಮೇಲೆ ಹೇಳಿ ಅಯ್ಯನವರೇ. ಮೊದಲು ಕೇಳಿ."

ಚೀಲವನ್ನು ಬೆಂಚಿನ ಮೇಲೆ ಸುರಿದಳು. ಹಳದಿಗಟ್ಟಿದ ತೋಳುಗಳನ್ನು ಒಂದೊಂದಾಗಿ ಎತ್ತಿ ತೋರಿಸಿದಳು. "ಎಲ್ಲಾ ಎಡಗೈವು. ಕೆಡಿಸಿದ್ದು ನಾನು. ಕಳ್ಳಿ ಅಂತ ಹೆಸರು ಬಂದಿದ್ದು ನನ್ನ ಓರಗಿತ್ತಿಗೆ. ಬಟ್ಟೆ ತಂದು ಹೊಲಿದೆ ಅಂತ ಹೊಗಳಿಸ್ಕೊಂಡಿದ್ದು ಮತ್ತೆ ನಾನೇ. ಇವಳು ಎಲ್ಲಾ ಗೊತ್ತಿದ್ದೂ ನನ್ನ ಬಾಯಿಗೆ ಊಟ ಇಟ್ಟಳು. ಅವಳಿಗೆ ಅದನ್ನ ಕಲಿಸಿದವನು ಯಾರು ಅಂತ ನಿಮಗೂ ಗೊತ್ತು. ಇಷ್ಟು ವರ್ಷ ಅವನಿಗೆ ಮಹಿಮೆ ಅಂತ ಬಾಯಲ್ಲಿ ಹೇಳಿ, ಮಹಿಮೆನೆಲ್ಲ ನಾನೇ ಮನೆಗೆ ಹೊತ್ಕೊಂಡು ಹೋದೆ. ಇವತ್ತು ನನ್ನ ಹತ್ರ ಕೊಡೋಕೆ ಏನೂ ಇಲ್ಲ. ಆದ್ರೂ ಅವನು ನನ್ನನ್ನ ಹೊರಗೆ ಹಾಕಿಲ್ಲ." ಕೊನೆಯ ಗುಂಡಿ ಹಚ್ಚಲು ಹೋದಳು. "ಎಲ್ಲಾ ಮಹಿಮೆ..." ಎನ್ನುವಷ್ಟರಲ್ಲಿ ದನಿ ಒಡೆದು ದೊಪ್ಪೆಂದು ಕೂತುಬಿಟ್ಟಳು.

ಆಗ ಕೊನೆಯ ಬೆಂಚಿನಿಂದ ಒಂದು ಕಂಠ ಎದ್ದಿತು. ಮೊದಲ ಸಾಲು ನಡುಗಿತು, ಎರಡನೆಯದು ಗಟ್ಟಿಯಾಗಿ ನಿಂತಿತು, ಮೂರನೆಯದಕ್ಕೆ ಕಿಟಕಿ ಗಾಜು ಗುಂಯ್‌ಗುಟ್ಟಿತು. ಎಷ್ಟು ಮೇಲಿನ ಶ್ರುತಿ ಹಿಡಿದಳೆಂದರೆ ಗಾನವೃಂದದವರು ಅವಳ ಹಿಂದೆ ಏದುಸಿರು ಬಿಡುತ್ತ ಓಡಬೇಕಾಯಿತು. ದೊಡ್ಡಮ್ಮನ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ. ಎಲ್ಲರೂ ತಲೆಯೆತ್ತಿ ದೇವರಿಗೆ ಹಾಡುತ್ತಿದ್ದರು.

"ಸ್ವಲ್ಪ ಕೆಳಗೆ ಹಿಡಿಯೋಕೆ ಏನು ಧಾಡಿ ಇವಳಿಗೆ," ಎಂದು ಗೊಣಗಿ, ಕೈಗೆ ಸಿಕ್ಕ ಎಡಗೈ ತೋಳಿನಿಂದಲೇ ದೊಡ್ಡಮ್ಮ ಮೂಗು ಒರೆಸಿಕೊಂಡಳು.

ಆರಾಧನೆ ಮುಗಿದ ಮೇಲೆ ಮೆಟ್ಟಿಲ ಬಳಿ ಓರಗಿತ್ತಿಯ ಕೈಗೆ ಸೂಪಿನ ಡಬ್ಬಿ ಕೊಟ್ಟಳು.

"ತೊಳೆದಿದ್ದೀನಿ. ಒಳಗೆ ಏನೂ ಇಲ್ಲ," ಎಂದಳು, ಜನ್ಮದಲ್ಲಿ ಮೊದಲ ಸಲ.

"ಸರಿ ಬಿಡು ಅಕ್ಕ," ಎಂದಳು ಓರಗಿತ್ತಿ. "ಖಾಲಿ ಇದ್ರೆ ತಾನೇ ನಾಳೆ ತುಂಬಿಸಿ ತರೋಕಾಗೋದು?"