ಸುರಕ್ಷಾ ಬಾಯಿ ಮುಚ್ಚಿದ ಭಾನುವಾರ

ಬೀಜಾಡಿಯ ಸುರಕ್ಷಾಳಿಗೆ ಸಂಬಳ ಕೊಡುವುದೇ ಮಾತಾಡುವುದಕ್ಕೆ ಎಂದು ಅವಳ ಅಮ್ಮ ಕಂಡಕಂಡವರಿಗೆಲ್ಲ ಹೇಳುತ್ತಾರೆ. ಅದು ಸುಳ್ಳೂ ಅಲ್ಲ. ಶಾಲೆಯಲ್ಲಿ ಮಾತಾಡಿ ಬೆಂಚಿನ ಮೇಲೆ ನಿಂತವಳು, ಕಾಲೇಜಿನಲ್ಲಿ ಮಾತಾಡಿ ಬಾಗಿಲಾಚೆ ನಿಂತವಳು, ಈಗ ಒಂದು ಸಂಶೋಧನಾ ಸಂಸ್ಥೆಯ ಪರವಾಗಿ ಮನೆಮನೆಯ ಜಗಲಿಯಲ್ಲಿ ರಾಜಾರೋಷವಾಗಿ ಕೂತು ಮಾತಾಡುತ್ತಾಳೆ. ಒಂದೇ ಊರು, ಒಂದೇ ಸರ್ಕಾರಿ ಆಸ್ಪತ್ರೆ; ಆದರೂ ಕೆಲವರಿಗೆ ಮದ್ದು ಸಿಗುತ್ತದೆ, ಕೆಲವರಿಗೆ ಸಿಗುವುದಿಲ್ಲ. ಯಾಕೆ ಎಂದು ಹುಡುಕುವುದು ಅವಳ ಕೆಲಸ.

ಉಪ್ಪುಂದದ ಗೇರುಬೀಜದ ಕಾರ್ಖಾನೆಗೆ ಹೋಗುವ ಹೆಂಗಸರ ಮಟ್ಟಿಗೆ ಉತ್ತರ ಅವಳಿಗೆ ಮೊದಲ ವಾರವೇ ಸಿಕ್ಕಿತ್ತು. ಅವರು ಕೆಲಸ ಬಿಟ್ಟು ಬರುವ ಹೊತ್ತಿಗೆ ಆಸ್ಪತ್ರೆಯ ಬಾಗಿಲು ಹಾಕಿರುತ್ತದೆ. ಸಂಜೆಯ ಹೊತ್ತು ಒಬ್ಬರು ಡಾಕ್ಟರು ಕೂತರೆ ಸಾಕು. ಅಷ್ಟನ್ನು ಸರ್ಕಾರಕ್ಕೆ ಹೋಗುವ ವರದಿಯಲ್ಲಿ ಬರೆಸಬೇಕೆಂದು ಸುರಕ್ಷಾ ಹಟ ಹಿಡಿದಿದ್ದಳು. ಅಧ್ಯಯನದ ಮುಖ್ಯಸ್ಥರಾದ ಪ್ರೇಮಾನಂದ ಸರ್ ಒಪ್ಪಿದರು, ಆದರೆ ಬರೀ ಮಾತು ಸಾಲದು, ಆ ಹೆಂಗಸರ ರಕ್ತದೊತ್ತಡ ಅಳೆದು ತೋರಿಸು ಎಂದರು.

ಎಡವಟ್ಟಾಗಿದ್ದು ಅಲ್ಲೇ. ರಕ್ತದೊತ್ತಡ ಅಳೆಯುವ ಮೊದಲು ಆ ಮನುಷ್ಯರು ಐದು ನಿಮಿಷ ಮಾತಿಲ್ಲದೆ, ಆರಾಮಾಗಿ ಕೂತಿರಬೇಕು; ಮಾತಾಡಿದರೆ, ನಕ್ಕರೆ ಅಂಕಿ ಸುಮ್ಮನೆ ಮೇಲೇರುತ್ತದೆ. ಉಪ್ಪುಂದದಲ್ಲಿ ಐದು ನಿಮಿಷ! ಇವಳು ಜಗಲಿ ಹತ್ತುವಾಗಲೇ ನೀನು ಯಾರ ಮಗಳು, ಬೀಜಾಡಿಯಲ್ಲಿ ಯಾವ ಮನೆ ಎಂದು ಶುರುವಾಗುತ್ತಿತ್ತು. ಹೊರಗಿನವರಾದರೆ ಗಂಟುಮೋರೆ ಹಾಕಿಕೊಂಡು ಕೂತಿರುತ್ತಿದ್ದರೇನೋ. ಇವಳು ಊರ ಹುಡುಗಿ, ಕೇಳಿದ್ದಕ್ಕೆ ಉತ್ತರ ಕೊಡದಿದ್ದರೆ ಅಹಂಕಾರ ಅನ್ನುವುದಿಲ್ಲವೇ? ಕೊನೆಗೆ ಮೊದಲ ಮನೆಯ ಮೋಹಿನಿಯಕ್ಕನ ನಾದಿನಿಯನ್ನು ಕೊಟ್ಟಿದ್ದು ಸುರಕ್ಷಾಳ ಮನೆಯ ಪಕ್ಕದ ಮನೆಗೇ ಎಂದು ಗೊತ್ತಾಯಿತು. ಆ ನಾದಿನಿ ಮದುವೆಯ ದಿನ ತಪ್ಪು ಬಸ್ಸು ಹತ್ತಿದ ಕತೆ ಬಂತು. ಮೋಹಿನಿಯಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿರುವಾಗಲೇ ಸುರಕ್ಷಾ, ತಾನೂ ಕಣ್ಣೀರು ಒರೆಸಿಕೊಳ್ಳುತ್ತ, ಆಕೆಯ ತೋಳಿಗೆ ಮೆಷಿನ್ನಿನ ಪಟ್ಟಿ ಕಟ್ಟಿದಳು. ಹೀಗೇ ಮನೆಯಿಂದ ಮನೆಗೆ ನಗುನಗುತ್ತ ಕೇರಿ ಮುಗಿಯಿತು.

ಅಂಕಿಅಂಶ ನೋಡಿದ ಪ್ರೇಮಾನಂದ ಸರ್ ಫೋನು ಮಾಡಿ, ಇಡೀ ಕೇರಿಗೇ ಪ್ರೆಶರ್ ಹೇಗಮ್ಮಾ ಎಂದು ಕೇಳಿದರು. ಸುರಕ್ಷಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸರ್ ಬೈಯಲಿಲ್ಲ, ಅದೇ ದೊಡ್ಡ ಕಷ್ಟ. ಭಾನುವಾರ ತಾನೇ ಬರುತ್ತೇನೆ, ಅಂದು ಸರಿಯಾಗಿ ಅಳೆದರೆ ಸೈ, ಇಲ್ಲದಿದ್ದರೆ ಉಪ್ಪುಂದವನ್ನು ವರದಿಯಿಂದ ಬಿಡಬೇಕಾಗುತ್ತದೆ ಎಂದರು. ಬಿಟ್ಟರೆ ಸಂಜೆಯ ಡಾಕ್ಟರ ಮಾತೂ ಅಲ್ಲಿಗೇ ಮುಗಿಯಿತು.

ಶನಿವಾರ ಸಂಜೆ ಸುರಕ್ಷಾ ಒಂದು ಸಲ ಪ್ರಯತ್ನ ಮಾಡಿ ನೋಡೋಣವೆಂದು ಹೋದಳು. ಮೋಹಿನಿಯಕ್ಕನ ಜಗಲಿಯಲ್ಲಿ ತುಟಿ ಹೊಲಿದುಕೊಂಡವಳಂತೆ ಕೂತಳು. ನೀವೂ ಸುಮ್ಮನಿರಿ ಎಂದು ಕೈಸನ್ನೆ ಮಾಡಿದಳು. ಮೋಹಿನಿಯಕ್ಕ ಅವಳ ಮುಖ ನೋಡಿದರು, ಮೆಷಿನ್ ನೋಡಿದರು, ಮತ್ತೆ ಮುಖ ನೋಡಿದರು. ಈ ಬಾಯಿಬಡುಕಿ ಬಾಯಿ ಮುಚ್ಚಿದ್ದಾಳೆಂದರೆ ಮೊನ್ನೆ ಮೆಷಿನ್ನಿನಲ್ಲಿ ಏನೋ ಕೆಟ್ಟದ್ದು ಕಂಡಿರಬೇಕು, ಹೇಳಲಾರದೆ ಒದ್ದಾಡುತ್ತಿದ್ದಾಳೆ ಎಂದುಕೊಂಡರು. ಸುದ್ದಿ ಬೇಲಿ ಹಾರಿತು. ದೀಪ ಹಚ್ಚುವ ಹೊತ್ತಿಗೆ ಕೇರಿಯ ಹೆಂಗಸರೆಲ್ಲ ಅಂಗಳದಲ್ಲಿ ಸೇರಿ, ತಮಗೆ ಇನ್ನೆಷ್ಟು ದಿನ ಇದೆ ಎಂದು ಅವಳನ್ನು ಕೇಳುತ್ತಿದ್ದರು. ಆಗ ಅಳೆದಿದ್ದರೆ ಮೆಷಿನ್ನೇ ಒಡೆದುಹೋಗುತ್ತಿತ್ತು. ಅವರನ್ನೆಲ್ಲ ಸಮಾಧಾನ ಮಾಡಿ ಬಸ್ಸು ಹತ್ತಿದ ಸುರಕ್ಷಾ ದಾರಿಯುದ್ದಕ್ಕೂ ಅಳುವುದೋ ನಗುವುದೋ ತಿಳಿಯದೆ ಕೂತಿದ್ದಳು.

ಭಾನುವಾರ ಕೇರಿಯ ಹೆಂಗಸರೆಲ್ಲ ಮೋಹಿನಿಯಕ್ಕನ ಮನೆಯಲ್ಲಿ ಸೇರಿದ್ದಾಗ ಪ್ರೇಮಾನಂದ ಸರ್ ಬಂದರು. ಬಂದವರನ್ನು ಉಣ್ಣಿಸದೆ ಬಿಡುವ ಮಾತೇ ಇಲ್ಲವಲ್ಲ. ಕುಚ್ಚಲಕ್ಕಿ ಗಂಜಿ, ಒಣ ಸಿಗಡಿ ಚಟ್ನಿ. ಸರ್ ಬೇಡ ಬೇಡ ಎನ್ನುತ್ತಲೇ ಎರಡನೇ ಸಲ ಹಾಕಿಸಿಕೊಂಡರು. ಉಂಡ ಮೇಲೆ ವಾರಕ್ಕೊಂದೇ ರಜೆಯ ಹೆಂಗಸರು ಚಾವಡಿಯ ತಣ್ಣನೆಯ ನೆಲದ ಮೇಲೆ ಸಾಲಾಗಿ ಮಲಗಿಬಿಟ್ಟರು. ಕೆಲಸದ ಮಾತೆತ್ತಲು ಹೊರಟಿದ್ದ ಸರ್ ಜಗಲಿಯ ಕಂಬಕ್ಕೆ ಒರಗಿ ಗೊರಕೆ ಹೊಡೆದರು. ಸುರಕ್ಷಾ ಮಾತ್ರ ಎಚ್ಚರವಾಗಿದ್ದು, ಇನ್ನು ದೇವರೇ ಗತಿ ಎಂದುಕೊಂಡಳು.

ಬಿಸಿಲು ಇಳಿಯುವಾಗ ಒಬ್ಬೊಬ್ಬರೇ ಎದ್ದರು. ಎದ್ದವರು ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಅಂಗಳದ ಬಿಸಿಲನ್ನು ನೋಡುತ್ತ ಕೂತರು. ಮಾತಿಲ್ಲ. ಮೋಹಿನಿಯಕ್ಕನ ಬಾಯಲ್ಲೂ ಮಾತಿಲ್ಲ. ಮಧ್ಯಾಹ್ನದ ನಿದ್ದೆಯಿಂದ ಎದ್ದವರು ಚಾ ಕುಡಿಯುವವರೆಗೆ ಯಾರ ಹತ್ತಿರವೂ ಮಾತಾಡುವುದಿಲ್ಲ, ಸುಮ್ಮನಿದ್ದರೆ ಯಾರೂ ತಪ್ಪು ತಿಳಿಯುವುದೂ ಇಲ್ಲ! ಹುಟ್ಟಿದಾಗಿನಿಂದ ತನ್ನ ಮನೆಯಲ್ಲೂ ಕಂಡಿದ್ದು ಇದನ್ನೇ. ಸುರಕ್ಷಾಳಿಗೆ ಕುಣಿಯಬೇಕೆನ್ನಿಸಿತು. ಒಲೆಯ ಮೇಲಿಟ್ಟಿದ್ದ ಚಾದ ಪಾತ್ರೆಯನ್ನು ಓಡಿಹೋಗಿ ಇಳಿಸಿಟ್ಟು, ಐದು ನಿಮಿಷ ಕಳೆಯಲು ಬಿಟ್ಟು, ಸದ್ದಿಲ್ಲದೆ ಪಟ್ಟಿ ಹಿಡಿದುಕೊಂಡು ಸಾಲಿನುದ್ದಕ್ಕೂ ಹೋದಳು. ಯಾರೂ ಎಂತ ಎಂದು ಕೂಡ ಕೇಳಲಿಲ್ಲ. ಆಗತಾನೇ ಕಣ್ಣು ಬಿಟ್ಟ ಸರ್ ಕೂಡ ಮಾತಿಲ್ಲದೆ ತೋಳು ಚಾಚಿದರು.

ತುಂಬ ಜನರ ಅಂಕಿ ಕೆಳಗಿಳಿದಿತ್ತು. ಕೆಲವರದು ಇಳಿಯಲಿಲ್ಲ. ಮೋಹಿನಿಯಕ್ಕನದು ಎಲ್ಲರಿಗಿಂತ ಮೇಲೆ, ಎರಡನೇ ಸಲ ನೋಡಿದರೂ ಅಷ್ಟೇ. ಇದು ನಗುವಿನ ಪ್ರೆಶರ್ ಅಲ್ಲ, ನಿಜವಾದದ್ದು. ಉಪ್ಪುಂದ ವರದಿಯಲ್ಲಿ ಉಳಿಯಿತು! ಸುರಕ್ಷಾ ಮುಷ್ಟಿ ಬಿಗಿದು, ಗೆದ್ದೆ ಸರ್ ಎಂದು ಕೂಗುವುದರಲ್ಲಿದ್ದಳು. ಅಷ್ಟರಲ್ಲಿ ಮೋಹಿನಿಯಕ್ಕ ತಲೆಯೆತ್ತಿ ಅವಳ ಮುಖ ನೋಡಿದರು. ಗೆದ್ದದ್ದು ಯಾವುದರಿಂದ ಎಂದು ಹೊಳೆದು ಅವಳಿಗೆ ನಾಚಿಕೆಯಾಯಿತು.

ಮೆಲ್ಲಗೆ ಪಕ್ಕದಲ್ಲಿ ಕೂತು, ಇದ್ದದ್ದನ್ನು ಹೇಳಿದಳು. ಮೋಹಿನಿಯಕ್ಕ ತೋಳಿನ ಪಟ್ಟಿ ಬಿಚ್ಚಿ ಅವಳ ಕೈಗೆ ಕೊಡುತ್ತ ಹೇಳಿದರು:

"ಆಗಾಗ ತಲಿ ತಿರ್ಗ್ತಿತ್ತ್ ಹೆಣೆ. ನೆಗ್ಯಾಡಿ ನೆಗ್ಯಾಡಿ ಆಪ್ದ್ ಅಂದ್ಕಂಡಿದ್ದೆ."

ಕಂಬದ ಬುಡದಲ್ಲಿದ್ದ ಪ್ರೇಮಾನಂದ ಸರ್ ಕನ್ನಡಕ ತೆಗೆದು ಒರೆಸಿಕೊಂಡು, ಈ ಮಾತನ್ನು ವರದಿಯ ಮೊದಲಲ್ಲೇ ಹಾಕೋಣ, ಅಂಕಿ ಆಮೇಲೆ ಬರಲಿ ಎಂದರು. ಆದರೆ ವರದಿ ಸರ್ಕಾರಕ್ಕೆ ಹೋಗಿ, ಡಾಕ್ಟರು ಸಂಜೆ ಕೂರುವುದು ಯಾವ ಕಾಲಕ್ಕೋ. ನಾಳೆಯೇ ರಜೆ ಹಾಕಿ, ತನ್ನ ಜೊತೆ ಆಸ್ಪತ್ರೆಗೆ ಬರಬೇಕೆಂದು ಸುರಕ್ಷಾ ಮೋಹಿನಿಯಕ್ಕನ ಕೈ ಹಿಡಿದುಕೊಂಡಳು.

ಮೋಹಿನಿಯಕ್ಕ ಎದ್ದು, ಚಾದ ಪಾತ್ರೆಯನ್ನು ಮತ್ತೆ ಒಲೆಯ ಮೇಲಿಟ್ಟು ಬಂದರು.

"ಬತ್ತೆ. ಆದ್ರೆ ಡಾಕ್ಟ್ರ ಎದ್ರಿಗೆ ನೀ ನಿನ್ನೆಯಂಗೆ ಬಾಯಿ ಮುಚ್ಕಂಡ್ ಕೂಕಂಬುಕಾಗ. ನಂಗೆ ಹೆದ್ರಿಕಿ ಆತ್ತ್."