ಚಮ್ಮಟಿಗೆ ಹೊಡೆದವಳು

ಹೋದ ತಿಂಗಳು ಸಂತೆಬಾಚಹಳ್ಳಿಯ ಟೀ ಅಂಗಡಿಯಲ್ಲಿ ಕೂತಿದ್ದೆ. ಪಕ್ಕದ ಬೆಂಚಿನ ಹುಡುಗರು ಫೋನಿನಲ್ಲಿ ಒಂದು ಹಾಡು ಹಾಕಿದರು. ನಮ್ಮ ಅವ್ವನ ದನಿ. ಅದರ ಹಿಂದೆ ಕಬ್ಬಿಣದ ಮೇಲೆ ಬೀಳುವ ಪೆಟ್ಟು. ಪರದೆಯಲ್ಲಿ ತಲೆಗೆ ಕೆಂಪು ಟವೆಲು ಕಟ್ಟಿ, ತೋಳಿಗೆ ಎಣ್ಣೆ ಸವರಿಕೊಂಡ ಒಬ್ಬ ಹುಡುಗ ನಮ್ಮ ಕುಲುಮೆಯಲ್ಲೇ ನಿಂತು ಚಮ್ಮಟಿಗೆ ಎತ್ತುತ್ತಿದ್ದಾನೆ.

'ಏನ್ ಒಡೀತಾನೆ ನೋಡ್ಲಾ! ಗಂಡು ಅಂದ್ರೆ ಇವ್ನು ಕಣ್ಲಾ' ಎಂದ ಒಬ್ಬ.

ಲೋಟ ಕುಕ್ಕಿ ಎದ್ದು ಬಂದೆ. ಆ ಗಂಡು ಒಂದೇ ಒಂದು ಪೆಟ್ಟನ್ನೂ ಹೊಡೆದವನಲ್ಲ. ಕೇಳಿಸುವ ಪೆಟ್ಟೆಲ್ಲ ನನ್ನ ತಂಗಿಯದು. ಅವಳು ಪರದೆಯ ಮೇಲೆ ಕಾಣದೇ ಹೋದದ್ದು ನನ್ನಿಂದ. ತುಂಬಿದ ಸಭೆಯಲ್ಲಿ ಸುಳ್ಳುಗಾತಿ ಎನ್ನಿಸಿಕೊಂಡದ್ದೂ ನನ್ನಿಂದ.

ನಮ್ಮದು ಕಮ್ಮಾರಿಕೆಯ ಮನೆ. ಕುಡುಗೋಲು, ಕಬ್ಬು ಕಡಿಯುವ ಮಚ್ಚು, ಗುದ್ದಲಿ ಮಾಡಿ ಬದುಕಿದವರು. ಕುಲುಮೆಯ ಕೆಲಸ ಒಬ್ಬನಿಂದ ಆಗುವುದಲ್ಲ. ಒಬ್ಬ ಕೂತು, ಒಂದು ಕೈಯಲ್ಲಿ ಇಕ್ಕಳದಿಂದ ಕಾದ ಕಬ್ಬಿಣ ಹಿಡಿದು, ಇನ್ನೊಂದು ಕೈಯ ಸಣ್ಣ ಸುತ್ತಿಗೆಯಿಂದ ಅದರ ಮೇಲೆ ತಟ್ಟುತ್ತಾನೆ. ಅವನು ತಟ್ಟಿದ ಜಾಗಕ್ಕೇ ಎದುರು ನಿಂತವರ ದೊಡ್ಡ ಚಮ್ಮಟಿಗೆ ಬೀಳಬೇಕು. ಮಾತು ಇರುವುದಿಲ್ಲ. ಕೂತವನು ಕಬ್ಬಿಣ ಬಿಟ್ಟು, ಅದರ ಕೆಳಗಿನ ಉಕ್ಕಿನ ದಿಮ್ಮಿಯಾದ ಅಡಿಗಲ್ಲನ್ನು ಬರಿದೆ ಒಮ್ಮೆ ತಟ್ಟಿದನೋ, ಎದುರಿನವರು ಅಲ್ಲಿಗೆ ನಿಲ್ಲಿಸಬೇಕು. ಯಾಕೆ ಎಂದು ಕೇಳುವಂತಿಲ್ಲ.

ಅಪ್ಪನ ಭುಜ ಸೋತಾಗ ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅವರ ಜಾಗದಲ್ಲಿ ಕೂತೆ. ಚಮ್ಮಟಿಗೆಗೆ ಒಬ್ಬ ಆಳು ಇದ್ದ. ಅವನು ಸಕ್ಕರೆ ಕಾರ್ಖಾನೆಯ ಕೆಲಸಕ್ಕೆ ಹೋದ ಮೇಲೆ ಯಾರೂ ಸಿಗಲಿಲ್ಲ. ಆಗ ಹೈಸ್ಕೂಲಿಗೆ ಹೋಗುತ್ತಿದ್ದ ತಂಗಿ ಲಂಗ ಎತ್ತಿ ಕಟ್ಟಿಕೊಂಡು ಬಂದು, 'ಕೊಡಣ್ಣ, ನಾನ್ ಒಡೀತೀನಿ' ಎಂದಳು. ಮೊದಲ ದಿನ ಅಂಗೈ ಬೊಕ್ಕೆ ಬಂತು. ಆಮೇಲೆ ಆ ಬೊಕ್ಕೆ ಗಟ್ಟಿಯಾಯಿತು. ಕಾಲೇಜು ಸೇರುವವರೆಗೂ, ಸೇರಿದ ಮೇಲೆ ರಜೆ ದಿನಗಳಲ್ಲೂ ಅವಳೇ ಹೊಡೆದಳು. ನಾವು ಉಂಡದ್ದು ಆ ಪೆಟ್ಟಿನಿಂದ. ಆದರೆ ಗಿರಾಕಿ ಬಂದ ಸದ್ದಾದರೆ ಅವಳು ಚಮ್ಮಟಿಗೆ ಇಟ್ಟು ಒಳಗೆ ಹೋಗಬೇಕು. ಆ ನಿಯಮ ಮಾಡಿದವನೂ ನಾನೇ. ಹೆಣ್ಣು ಚಮ್ಮಟಿಗೆ ಹೊಡೆಯುವ ಮನೆ ಎಂದರೆ ಗಂಡಸರಿಗೆ ಗತಿಯಿಲ್ಲದ ಮನೆ ಎಂದು ನಮ್ಮ ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳುವವರು ಯಾರೂ ಒಂದು ದಿನ ಬಂದು ಬೆಂಕಿಗೆ ಗಾಳಿ ಊದುವ ತಿದಿ ಒತ್ತಿ ಕೊಡಲಿಲ್ಲ.

ಪಾಂಡವಪುರದ ಕಾಲೇಜಿನಲ್ಲಿ ಅವಳು ಡಿಗ್ರಿ ಓದುತ್ತಿದ್ದಳು. ಕೊನೆಯ ವರ್ಷ, ಗುಂಪು ಗುಂಪಾಗಿ ಒಂದೊಂದು ಹಾಡಿನ ವಿಡಿಯೋ ಮಾಡಿ ತರಬೇಕು ಎಂದರಂತೆ. ಫೋನಿನಲ್ಲೇ ಹಿಡಿಯಬಹುದು, ಫೋನಿನಲ್ಲೇ ಜೋಡಿಸಬಹುದು. ಒಂದೇ ಕಟ್ಟಳೆ: ಸದ್ದೆಲ್ಲ ತಾವೇ ಹಿಡಿದದ್ದಾಗಿರಬೇಕು, ನೆಟ್‌ನಿಂದ ಎತ್ತಿದ್ದಾಗಬಾರದು. ಸದ್ದನ್ನು ಚೆನ್ನಾಗಿ ಹಿಡಿದವರನ್ನು ಮೈಸೂರಿನ ಒಂದು ಸ್ಟುಡಿಯೋಗೆ ಕೆಲಸ ಕಲಿಯಲು ಕಳಿಸುತ್ತೇನೆ ಎಂದು ಅವರ ಮೇಷ್ಟ್ರು ಹೇಳಿದ್ದರು. ತಂಗಿ ಆ ಮಾತನ್ನು ಹಿಡಿದುಕೊಂಡು ಓಡಾಡಿದಳು. ಊಟ ಮಾಡುವಾಗ ತಟ್ಟೆಯ ಅಂಚು ತಟ್ಟಿ ಕಿವಿ ಕೊಡುತ್ತಿದ್ದಳು. ತಿದಿ ಒತ್ತುವಾಗ ಅವ್ವ ಗುನುಗುತ್ತಿದ್ದ ಹಾಡು, ಕೆಳಗೆ ಸುತ್ತಿಗೆ ಚಮ್ಮಟಿಗೆಯ ಪೆಟ್ಟು. ಬೇರೆ ವಾದ್ಯವೇ ಬೇಡ. ಅದು ಅವಳ ಲೆಕ್ಕಾಚಾರ.

ಅವ್ವನನ್ನು ಒಳಮನೆಯಲ್ಲಿ ಕೂರಿಸಿ, ಸದ್ದು ಗೋಡೆಗೆ ಬಡಿದು ವಾಪಸ್ ಬರಬಾರದೆಂದು ಸುತ್ತ ಕೌದಿ ನೇತುಹಾಕಿದಳು.

'ಇದೇನವ್ವ, ಬಾಣಂತಿಗೆ ಕಟ್ದಂಗೆ ಕಟ್ಟಿದ್ದೀಯಾ. ಉಸ್ರು ಕಟ್ತದೆ ಕಣೆ' ಎಂದಳು ಅವ್ವ.

'ಉಸ್ರು ಆಮೇಕ್ ಬುಡೀವಂತೆ. ಈಗ ಆಡು.'

ಮಾರನೆಯ ದಿನ ಬೆಳಿಗ್ಗೆ, ಊರು ಇನ್ನೂ ಸದ್ದು ಮಾಡುವ ಮೊದಲು, ಗೋಣಿಚೀಲದ ಮೇಲೆ ಫೋನಿಟ್ಟು ನಾವಿಬ್ಬರೂ ಕಬ್ಬಿಣ ಬಡಿದೆವು. ಅವಳ ಗೆಳೆಯರು ಇರುವಾಗ ಹೊಡೆಯಕೂಡದು ಎಂದು ನಾನು ಹೇಳಿದ್ದರಿಂದಲೇ ಅಷ್ಟು ಬೇಗ. ಆ ಬೆಳಗಿನ ಪೆಟ್ಟು ನನಗೆ ಈಗಲೂ ಕೈಯಲ್ಲಿದೆ. ನಾನು ತಟ್ಟಿದ ಕಡೆಗೆ ಕೂದಲೆಳೆ ತಪ್ಪದೆ ಬೀಳುತ್ತಿತ್ತು. ಅಷ್ಟು ಚೆನ್ನಾಗಿ ಅಪ್ಪನೊಂದಿಗೂ ನಾನು ಕೆಲಸ ಮಾಡಿಲ್ಲ.

ಇದೇ ಹೊತ್ತಿಗೆ ನಾಗಮಂಗಲದಿಂದ ಒಂದು ಸಂಬಂಧ ಬಂದಿತ್ತು. ನಮ್ಮವರೇ. ಕುಲುಮೆ ಬಿಟ್ಟು ಗ್ರಿಲ್ಲು, ಗೇಟು ಮಾಡುವ ಅಂಗಡಿ ಇಟ್ಟವರು. ಹುಡುಗನ ಸೋದರಮಾವನೇ ಎಲ್ಲ ಮಾತಾಡುತ್ತಿದ್ದದ್ದು. ಅವರು ನಮ್ಮ ಜಗಲಿಯಲ್ಲಿ ಕೂತು, 'ನಮ್ ಮನೆ ಎಣ್ಮಕ್ಳು ಅಂಗಡಿ ಕಡೆ ತಲೆ ಆಕಲ್ಲ. ನಿಮ್ ಕಡೆ ಎಂಗಪ್ಪಾ?' ಎಂದು ಕೇಳಿದರು.

'ನಮ್ಮಲ್ಲೂ ಅಂಗೇಯ' ಎಂದೆ. ತಂಗಿ ಕಾಫಿ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. ತಟ್ಟೆಯ ಕೆಳಗೆ ಅವಳ ಅಂಗೈ ಯಾರಿಗೂ ಕಾಣುತ್ತಿರಲಿಲ್ಲ.

ಚಿತ್ರ ಹಿಡಿಯುವ ದಿನ ಅವಳ ಗುಂಪು ಬಂತು. ಅದರಲ್ಲಿ ಶ್ರೀರಂಗಪಟ್ಟಣದ ಒಬ್ಬ ಹುಡುಗ, ಮದುವೆ ವಿಡಿಯೋ ಸ್ಟುಡಿಯೋ ಇಟ್ಟಿರುವವರ ಮಗ. ಒಳ್ಳೆಯ ಕ್ಯಾಮೆರಾ ತಂದಿದ್ದ. ಮೊದಲೇ ಹಿಡಿದಿಟ್ಟ ಹಾಡನ್ನು ಸ್ಪೀಕರಿನಲ್ಲಿ ಹಾಕುವುದು, ಅದಕ್ಕೆ ಸರಿಯಾಗಿ ನಾನೂ ಎದುರು ನಿಂತವರೂ ಬಡಿಯುವುದು, ಅವನು ಹಿಡಿಯುವುದು. ಎದುರು ನಿಲ್ಲುವವಳು ತಾನೇ ಎಂದು ತಂಗಿ ಅವರಿಗೆ ಹೇಳಿದ್ದಳು. ನನಗೆ ಹೇಳಿರಲಿಲ್ಲ. ಹೇಳಿದರೆ ಒಪ್ಪುವುದಿಲ್ಲ ಎಂದು ಗೊತ್ತಿತ್ತು.

ಹಾಡು ಶುರುವಾಯಿತು. ಅವಳು ಚಮ್ಮಟಿಗೆ ಎತ್ತಿದಳು. ಆಗಲೇ ಬೇಲಿಯಾಚೆ ನಿಂತು ನೋಡುತ್ತಿದ್ದ ಊರವರನ್ನು ನಾನು ಕಂಡೆ. ಅವರಲ್ಲಿ ಒಬ್ಬಳ ತವರು ನಾಗಮಂಗಲ. ಸಂಜೆಯೊಳಗೆ ಸುದ್ದಿ ಹೋಗುತ್ತದೆ ಎಂದುಕೊಂಡೆ. ಬರಿಯ ಅಡಿಗಲ್ಲನ್ನು ಟಿಣ್ ಎಂದು ತಟ್ಟಿದೆ.

ಎತ್ತಿದ ಚಮ್ಮಟಿಗೆ ಮೇಲೆಯೇ ನಿಂತಿತು. ಇಷ್ಟು ವರ್ಷ ಆ ಸದ್ದಿಗೆ ನಿಂತವಳು, ನಿಂತುಬಿಟ್ಟಳು. ಅವಳ ಮೈಗೆ ನಾನೇ ಕಲಿಸಿದ್ದ ಮಾತನ್ನು ಅವಳ ಮೇಲೆಯೇ ಪ್ರಯೋಗ ಮಾಡಿದೆ.

'ಅದ ಆ ಉಡ್ಗನ್ ಕೈಗೆ ಕೊಡು' ಎಂದು, ಸ್ಪೀಕರಿನ ಪಕ್ಕ ನಿಂತಿದ್ದ ಅವಳ ಗುಂಪಿನ ಇನ್ನೊಬ್ಬ ಹುಡುಗನನ್ನು ತೋರಿಸಿದೆ.

'ಅಣ್ಣ, ಅವ್ನಿಗ್ ಬರಲ್ಲ.'

'ನೋಡೋಕ್ ತಾನೆ? ಎತ್ತಿ ಇಳಿಸ್ಲಿ ಸಾಕು.'

'ಸದ್ದಿಗೂ ಚಿತ್ರಕ್ಕೂ ಕೂಡ್ಕಳಲ್ಲ ಕಣಣ್ಣ. ನಂದು ಒಂದು ಏಟು, ಅವ್ನುದು ಒಂದು ಏಟು.'

'ಕೊಡು ಅಂದ್ನಲ್ಲ. ಇಲ್ದಿದ್ರೆ ಎಲ್ಲಾ ಕಟ್ಕೊಂಡು ನಡೀರಿ.'

ಕೊಟ್ಟಳು. ಆ ಹುಡುಗನ ತಪ್ಪೇನೂ ಇಲ್ಲ. ಎತ್ತಿದಾಗಲೇ ಚಮ್ಮಟಿಗೆಯ ಭಾರಕ್ಕೆ ಒಂದು ಕಡೆ ವಾಲುತ್ತಿದ್ದ. ಮತ್ತೆ ಮತ್ತೆ ಹಿಡಿದರು. ಹಾಡಿನ ಪೆಟ್ಟು ಮುಗಿದು ಒಂದು ಗಳಿಗೆ ಆದ ಮೇಲೆ ಅವನ ಚಮ್ಮಟಿಗೆ ಇಳಿಯುತ್ತಿತ್ತು. ತಂಗಿ ಆಮೇಲೆ ವಾರಗಟ್ಟಲೆ ಫೋನಿನ ಮೇಲೆ ಬಗ್ಗಿ, ಕತ್ತರಿಸಿ, ಕೈ ಮಾತ್ರ ತೋರಿಸಿ, ಕಿಡಿ ಮಾತ್ರ ತೋರಿಸಿ ಎಷ್ಟಾಯಿತೋ ಅಷ್ಟು ಮುಚ್ಚಿದಳು. ನನ್ನ ತಪ್ಪನ್ನು ಮುಚ್ಚುವ ಕೆಲಸವನ್ನೂ ಅವಳೇ ಮಾಡಿದಳು. ನಾನು ಹಿಂದಿನಿಂದ ಇಣುಕಿ, 'ಚೆನ್ನಾಗದೆ ಬುಡು' ಎಂದೆ.

ಕಾಲೇಜಿನಲ್ಲಿ ಎಲ್ಲರ ವಿಡಿಯೋ ತೋರಿಸುವ ದಿನ ಮನೆಯವರೂ ಬರಬಹುದು ಎಂದಿದ್ದರು. ನಾನು ನಾಗಮಂಗಲದ ಹುಡುಗನ ಸೋದರಮಾವನನ್ನು ಕರೆದುಕೊಂಡು ಹೋದೆ. ಕರೆದುಕೊಂಡು ಬಾ ಎಂದು ಯಾರೂ ಹೇಳಿರಲಿಲ್ಲ. ನಮ್ಮ ಹುಡುಗಿ ಎಂಥವಳು ನೋಡಲಿ ಎಂಬ ಹೆಮ್ಮೆ. ನನ್ನ ಹೆಮ್ಮೆಗೆ ಬೆಂಕಿ ಬೀಳ.

ನಮ್ಮ ಹಾಡು ಮುಗಿದಾಗ ಹುಡುಗರು ಶಿಳ್ಳೆ ಹೊಡೆದರು. ಮೈಸೂರಿನಿಂದ ಬಂದಿದ್ದ ತೀರ್ಪುಗಾರರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ತಂಗಿಯನ್ನು ವೇದಿಕೆಗೆ ಕರೆದು, 'ಸದ್ದು ಅದ್ಭುತವಾಗಿದೆ. ಆದರೆ ಚಿತ್ರದ ಪೆಟ್ಟಿಗೂ ಇದಕ್ಕೂ ಸಂಬಂಧವೇ ಇಲ್ಲ. ಎಲ್ಲಿಂದ ಇಳಿಸಿಕೊಂಡಿರಿ?' ಎಂದರು.

'ಇಳಿಸ್ಕೊಂಡಿದ್ದಲ್ಲ ಸಾರ್. ನಾನೇ ಹೊಡೆದದ್ದು. ಚಿತ್ರಕ್ಕೆ ಮಾತ್ರ ಬೇರೆಯವರು ನಿಂತಿದ್ದಾರೆ.'

ಸಭೆ ನಕ್ಕಿತು. ಸಣ್ಣ ಮೈಯವಳು. ಇಸ್ತ್ರಿ ಚೂಡಿದಾರ ಹಾಕಿದ್ದಳು. ಅವಳು ಚಮ್ಮಟಿಗೆ ಹೊಡೆದಳೆಂದರೆ ಯಾರು ನಂಬುತ್ತಾರೆ? ಶ್ರೀರಂಗಪಟ್ಟಣದ ಹುಡುಗನನ್ನು ಕೇಳಿದರು. 'ನಾವು ನೋಡಿಲ್ಲ ಸಾರ್. ಮನೆಯಿಂದಲೇ ರೆಕಾರ್ಡ್ ಮಾಡ್ಕೊಂಡ್ ಬಂದಿದ್ಲು' ಎಂದ. ಅದು ನಿಜವೇ; ಅವಳು ಎತ್ತಿದ್ದನ್ನು ಮಾತ್ರ ಅವರು ಕಂಡಿದ್ದರು, ಹೊಡೆದದ್ದನ್ನಲ್ಲ. ತಂಗಿ ಸದ್ದು ಹಿಡಿದಿದ್ದ ಫೋನನ್ನೇ ಮುಂದೆ ಹಿಡಿದಳು. 'ಹೊಡೆದವರು ಯಾರು ಎಂದು ಅದರಲ್ಲಿ ಕಾಣುತ್ತದೆಯೇನಮ್ಮ?' ಎಂದರು ತೀರ್ಪುಗಾರರು.

ಆಗ ಅವಳು ನನ್ನ ಕಡೆ ಕೈ ತೋರಿಸಿದಳು. ಅವಳ ಮುಖದಲ್ಲಿ ಭಯವಿರಲಿಲ್ಲ. ಇನ್ನೇನು ಮುಗಿಯಿತು ಎಂಬ ನಿರಾಳ ಇತ್ತು. 'ನಮ್ಮಣ್ಣ ಅಲ್ಲೇ ಕೂತವ್ರೆ ಸಾರ್, ಅವ್ರನ್ನೇ ಕೇಳಿ.'

ನಾನು ಎದ್ದು ನಿಂತೆ. ಪಕ್ಕದಲ್ಲಿ ಸೋದರಮಾವ ಕತ್ತೆತ್ತಿ ನನ್ನನ್ನೇ ನೋಡುತ್ತಿದ್ದರು. 'ಹೌದು' ಎಂಬ ಒಂದು ಮಾತು ಸಾಕಿತ್ತು.

'ಇಲ್ಲ ಸಾರ್. ನಮ್ಮ ಮನೇಲಿ ಹೆಣ್ಣುಮಕ್ಕಳು ಕುಲುಮೆ ಒಳಕ್ಕೆ ಬರೋದಿಲ್ಲ' ಎಂದೆ. ದನಿ ನಡುಗಲೂ ಇಲ್ಲ. ಸೋದರಮಾವ ತಲೆಯಾಡಿಸಿದರು.

ಹಿಂದಿನ ಸಾಲಿನಿಂದ ಯಾರೋ 'ಓಹೋ' ಎಂದು ಕೂಗಿದರು. ತಂಗಿ ಮೈಕನ್ನು ಮೇಜಿನ ಮೇಲಿಟ್ಟು ಇಳಿದಳು. ಅವಳ ಮೇಷ್ಟ್ರೂ ಎಲ್ಲರ ಮುಂದೆ ಅವಳನ್ನು ಬೈದರು. ಸದ್ದಿನ ಅಂಕ ಹೊಡೆದುಹಾಕಿದರು. ಮೈಸೂರಿನ ಸ್ಟುಡಿಯೋಗೆ ಬೇರೆ ಗುಂಪಿನವರನ್ನು ಕಳಿಸಿದರು. ನನ್ನ ತಂಗಿಯ ಕಿವಿ ಇರಬೇಕಿದ್ದ ಜಾಗಕ್ಕೆ ಯಾರೋ ಹೋದರು.

ಬಸ್ಸಿನಲ್ಲಿ ಬರುವಾಗ ಸೋದರಮಾವ ನನ್ನ ತೊಡೆ ತಟ್ಟಿ, 'ಮರ್ವಾದಸ್ಥ ಕಣಪ್ಪ ನೀನು' ಎಂದರು. ಅಷ್ಟು ಮಾಡಿಯೂ ಸಂಬಂಧ ನಿಲ್ಲಲಿಲ್ಲ. ಹುಡುಗರ ಜೊತೆ ವಿಡಿಯೋ ಮಾಡಿಕೊಂಡು ತಿರುಗುವ ಹುಡುಗಿ ಬೇಡ ಎಂದು ಮಾತು ಕಳಿಸಿದರು. ಆ ಸಿಟ್ಟಿಗೆ ಅಂಗಳದಲ್ಲಿ ನಿಂತು ಅವರನ್ನು ಬಾಯಿಗೆ ಬಂದಂತೆ ಬೈದೆ. ತಂಗಿ ಬಾಗಿಲಲ್ಲಿ ನಿಂತು ಕೇಳಿದಳು.

'ಅವ್ರನ್ ಯಾಕ್ ಬಯ್ತೀರಾ? ಅವ್ರೇನ್ ಸುಳ್ಳೇಳಿದ್ರಾ?' ಎಂದಳು. ಹುಟ್ಟಿದಂದಿನಿಂದ 'ನೀನು' ಎಂದವಳು ಅವತ್ತು ಬಹುವಚನ ಹಚ್ಚಿದಳು. ಅದು ಇವತ್ತಿಗೂ ಇಳಿದಿಲ್ಲ.

ಓದು ಮುಗಿಸಿ ಅವಳು ಶ್ರೀರಂಗಪಟ್ಟಣದ ಅದೇ ಹುಡುಗನ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದಳು. ಯಾರ ಯಾರದ್ದೋ ಮದುವೆಯ ಚಿತ್ರ ಜೋಡಿಸುತ್ತಾಳೆ. ಅಲ್ಲಿ ಹಿಡಿದ ಸದ್ದೆಲ್ಲ ತೆಗೆದುಹಾಕಿ, ಯಾವುದಾದರೂ ಸಿನಿಮಾ ಹಾಡು ಹಾಕಬೇಕಂತೆ.

ಯಾರೋ ನೆಟ್‌ಗೆ ಹಾಕಿದ್ದ ಆ ವಿಡಿಯೋ ಕಂಡು ಟೀ ಅಂಗಡಿಯಿಂದ ಎದ್ದು ಬಂದ ವಾರ ನಾನು ಅವಳ ಕಾಲೇಜಿಗೆ ಹೋದೆ. ಮೇಷ್ಟ್ರ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದರು. 'ಅವತ್ತು ಅಷ್ಟು ಜನರ ಮುಂದೆ ನಾನೂ ಅವಳನ್ನು ಬೈದೆನಲ್ಲಪ್ಪ' ಎಂದರು. 'ಈಗ ಬಂದು ನನ್ನೊಬ್ಬನಿಗೆ ಹೇಳಿದರೆ ನಾನೇನು ಮಾಡಲಿ?' ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

ಅಲ್ಲಿಂದ ನೇರ ಶ್ರೀರಂಗಪಟ್ಟಣಕ್ಕೆ ಹೋದೆ. ತಂಗಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದಳು. ಒಂದು ಕಿವಿ ಬಿಡಿಸಿಕೊಂಡು ಕೇಳಿದಳು. ನಾನು ಮೇಷ್ಟ್ರಿಗೆ ನಿಜ ಹೇಳಿದೆ ಎಂದೆ. ಬೇಕಾದರೆ ನನ್ನ ಮುಖವನ್ನು ವಿಡಿಯೋದಲ್ಲಿ ಹಿಡಿದು ಎಲ್ಲರಿಗೂ ಕಳಿಸು, ಅದರಲ್ಲೂ ಹೇಳುತ್ತೇನೆ ಎಂದೆ.

'ವಿಡಿಯೋ ಬ್ಯಾಡ. ವಿಡಿಯೋನ ಎಂಗ್ ಬೇಕಾದ್ರೂ ಕತ್ತರಿಸ್ಬೋದು' ಎಂದಳು. 'ಅವತ್ತು ಯಾರ್ ಯಾರು ನಕ್ಕಿದ್ರೋ ಅವ್ರ ಎದ್ರುಗೆ ನಿಂತ್ಕೊಂಡು ಯೋಳಿ.'

'ಅವರನ್ನೆಲ್ಲ ಎಲ್ಲವ್ವ ಹುಡುಕ್ಲಿ?'

'ಅದು ನನ್ ಕೆಲ್ಸ ಅಲ್ಲ.' ಹೆಡ್‌ಫೋನನ್ನು ಮತ್ತೆ ಕಿವಿಗೆ ಏರಿಸಿಕೊಂಡಳು.

ಹುಡುಕುತ್ತಿದ್ದೇನೆ. ಅವಳ ಕ್ಲಾಸಿನವರೆಲ್ಲ ಚೆದುರಿಹೋಗಿದ್ದಾರೆ. ಮೊನ್ನೆ ನಾಗಮಂಗಲದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳ ಗುರುತು ಹತ್ತಿತು. ಅವತ್ತು ಮುಂದಿನ ಸಾಲಿನಲ್ಲಿ ಕೂತು ಬಾಯಿಗೆ ವೇಲು ಒತ್ತಿ ನಕ್ಕವಳು. ಈಗ ಕಂಕುಳಲ್ಲಿ ಕೂಸಿತ್ತು. ಆದಿಚುಂಚನಗಿರಿ ಆಸ್ಪತ್ರೆಗೆ ಹೊರಟಿದ್ದಳು. ನಾನು ಎದುರಿಗೆ ನಿಂತು, ನಾನು ಇಂಥವಳ ಅಣ್ಣ, ಅವತ್ತು ನಿಮ್ಮ ಕಾಲೇಜಿನಲ್ಲಿ ಸುಳ್ಳು ಹೇಳಿದವನು ನಾನು, ಆ ಹಾಡಿನಲ್ಲಿ ಚಮ್ಮಟಿಗೆ ಹೊಡೆದದ್ದು ನನ್ನ ತಂಗಿಯೇ ಎಂದೆ.

ಅವಳು ಕೂಸನ್ನು ಇನ್ನೊಂದು ಕಂಕುಳಿಗೆ ಹಾಕಿಕೊಂಡು ನನ್ನನ್ನು ನೋಡಿದಳು.

'ಯಾವ್ ಆಡಣ್ಣ?' ಎಂದಳು.

ನಗಲೂ ಇಲ್ಲ, ಅಣಕಿಸಲೂ ಇಲ್ಲ. ನಿಜವಾಗಿ ಮರೆತಿದ್ದಳು. ಅವಳು ಬಸ್ಸು ಹತ್ತುವುದರೊಳಗೆ ನೆನಪಿಗೆ ಬರಲಿ ಎಂದು ನಾನು ಅವ್ವನ ಹಾಡಿನ ಮೊದಲ ಸಾಲನ್ನು, ಅಷ್ಟು ಜನರ ನಡುವೆ, ನನ್ನ ಒಡಕು ದನಿಯಲ್ಲಿ ಹಾಡತೊಡಗಿದೆ.