ಎಮ್ಮೆಯಜ್ಜಿ ಗಿಣ್ಣ ಹಂಚಲಿಲ್ಲ

ಕೂಡ್ಲಿಗಿಯ ನಮ್ಮ ಓಣಿಯಲ್ಲಿ ಅವಳನ್ನು ಎಲ್ಲರೂ ಎಮ್ಮೆಯಜ್ಜಿ ಎನ್ನುತ್ತಿದ್ದರು. ಬರ ಮುಗಿಯುವಷ್ಟರಲ್ಲಿ ಅವಳ ಹಟ್ಟಿಯಲ್ಲಿ ಒಂದೇ ಎಮ್ಮೆ ಉಳಿದಿತ್ತು. ಮಳೆಯಾದ ಮೇಲೆ ಅದು ಹೆಣ್ಣುಗರು ಹಾಕಿತು. ಎಮ್ಮೆ ಈದರೆ ಓಣಿಗೆಲ್ಲ ಗಿಣ್ಣದ ಹಾಲು ಹಂಚುವುದು ನಮ್ಮಲ್ಲಿ ರೂಢಿ. ಅವಳು ಹಂಚಲಿಲ್ಲ.

“ಗಿಣ್ಣ ಎಲ್ಲೈತಿ ಅಜ್ಜಿ? ಒಬ್ಬಾಕಿನೇ ಕುಡದು ಕುಂತಿಯೇನು?” ಎಂದು ನಮ್ಮವ್ವ ಅಣಕಿಸಿದಳು.

“ಕರ ಕುಡೀಲಿ ಬಿಡವ್ವಾ. ಹಟ್ಟಿ ತುಂಬಬೇಕು,” ಎನ್ನುತ್ತ ಅಜ್ಜಿ ಕರುವಿನ ಬೆನ್ನು ಸವರಿದಳು. ಮುಂದೆ ಹುಟ್ಟಿದ ಪ್ರತಿ ಕರುವಿಗೂ ಇದೇ ಮಾತು. ತಾನು ಮಾತ್ರ ಹಾಲಿಲ್ಲದ ಚಾ ಕುಡಿಯುತ್ತಿದ್ದಳು.

ಅವಳು ತೀರಿಕೊಂಡ ದಿನ ಸಂಜೆ ಮಣ್ಣಿಗೆ ಹೊರಟಾಗ, ಮೇಯಲು ಹೋಗಿದ್ದ ಅವಳ ಎಮ್ಮೆಗಳು ಓಣಿಯ ತುಂಬ ಎದುರಿಗೆ ಬಂದವು. ಅವೆಲ್ಲ ದಾಟುವವರೆಗೂ ನಾವು ಅವಳನ್ನು ಹೆಗಲ ಮೇಲೆ ಹೊತ್ತು ನಿಂತೆವು.